ಹೆಚ್ಚಿದ ಟೇಪುಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಇದೆ, ವಯಸ್ಸಾದ ಮೇಲೆ ಸ್ವಲ್ಪ ಒಳಗೆ ಸರಿದಿದೆ ಅಷ್ಟೆ. ಆ ದಿನಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುತ್ತಿದ್ದದ್ದು ಅಕ್ಕನ ಮಾತಿನ ರೀತಿ. ಅಕ್ಕಿಯ ಡಬ್ಬಿಯ ತಳ ಕಾಣುತ್ತಿದ್ದರೂ ಅಕ್ಕಿ ಮುಗಿಯಿತು ಎಂಬ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ.

"ಅಕ್ಕಿ ಹೆಚ್ಚ್ಯಾವ ನೋಡ ತಂಗಿ, ಬರೂಮುಂದ ತಗೊಂಡ ಬಾ" ಎನ್ನುತ್ತಿದ್ದಳು.

"ಹೆಚ್ಚ್ಯಾವಂದ್ರ ತರೂದ್ಯಾಕ? ಹೆಚ್ಚಿದ್ದನ್ನ ಮಾರಿ ಬರ್ತೇನಿ ಕೊಡು" ಎಂದು ನಾನು ಕುಟುಕುತ್ತಿದ್ದೆ.

ದೀಪವನ್ನು ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಿತು. ತಾಳಿಯ ದಾರ ಹರಿದರೆ ತಾಳಿ ಹೆಚ್ಚಿತು. ಒಡೆಯುವ, ಹರಿಯುವ, ಮುಗಿಯುವ ಮಾತುಗಳನ್ನು ಆಡಿದರೆ ಅವು ಮನೆ ಹೊಕ್ಕು ಕೂರುತ್ತವೆ ಎಂಬ ಭಯ ನಮ್ಮ ಕಡೆಯ ಹೆಂಗಸರಿಗೆ. ನಾನು ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದವಳು. ಹೌದಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ ಎನ್ನುವ ಯಂತ್ರದ ಮುಂದೆ ದಿನವಿಡೀ ಕುಳಿತು ಬಂದವಳಿಗೆ ಈ ಸುತ್ತುಬಳಸಿನ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ನಾವು ಮುಂಡಗೋಡ ತಾಲೂಕಿನ ಚಿಗಳ್ಳಿಯವರು. ಅಕ್ಕನ ಗಂಡ ಲಾರಿ ಓಡಿಸುತ್ತಿದ್ದ, ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ದಾಂಡೇಲಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಅಕ್ಕ ಮತ್ತು ನಾನು ಇದ್ದೆವು. ಅವಳು ಪ್ಲೈವುಡ್ ಕಾರ್ಖಾನೆಯಲ್ಲಿ ತೆಳುಹಲಗೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಮರದ ದಿಮ್ಮಿಯಿಂದ ಹಾಳೆಯಂತೆ ಸುಲಿದು ಬರುವ ಪದರಗಳಲ್ಲಿ ಗಂಟು, ತೂತು, ಸೀಳು ನೋಡಿ ಬೇರೆ ಮಾಡುವುದು, ಕಿರಿದಾದವನ್ನು ಅಂಚಿಗೆ ಅಂಚು ಕೂಡಿಸಿ ಪಟ್ಟಿ ಅಂಟಿಸುವುದು. ಜೋಯಿಡಾ ಕಡೆಯ ಕೊಂಕಣಿ ಮಾತಿನ ಹೆಂಗಸರು, ನಮ್ಮ ಕಡೆಯವರು, ಎಲ್ಲ ಸೇರಿ ಅಲ್ಲಿ ಒಂದು ದೊಡ್ಡ ಗುಂಪೇ ಇತ್ತು. ದಿನಾ ಸಂಜೆ ಅಕ್ಕ ಪಡಸಾಲೆಯಲ್ಲಿ ಕುಳಿತು ಪಿನ್ನಿನಿಂದ ಬೆರಳಿನ ಸಿಬಿರು ತೆಗೆದುಕೊಳ್ಳುತ್ತಿದ್ದಳು. ಹಲಗೆಯ ಅಂಚಿಗೆ ತಾಗಿ ಅವಳ ಬಳೆಗಳು ಮೇಲಿಂದ ಮೇಲೆ ಹೆಚ್ಚುತ್ತಿದ್ದವು. ನನ್ನ ಕಲಿಕೆಯ ಖರ್ಚೆಲ್ಲ ಆ ಬೆರಳುಗಳಿಂದಲೇ ಬಂದದ್ದು. ಆದರೆ ಅಷ್ಟು ವರ್ಷ ದುಡಿದರೂ ಅವಳು ಹಂಗಾಮಿ. ಬಾ ಎಂದ ದಿನ ಹೋಗಬೇಕು, ಬ್ಯಾಡ ಎಂದ ದಿನ ಮನೆಯಲ್ಲಿರಬೇಕು.

ನಾನು ಕೆಲಸ ಮಾಡುತ್ತಿದ್ದದ್ದು ಒಂದು ಗಣಕ ಕೇಂದ್ರದಲ್ಲಿ. ಸುತ್ತಲಿನ ಕಾರ್ಖಾನೆಗಳ ಹಾಜರಿ, ಪಗಾರಗಳ ಲೆಕ್ಕ ಮಾಡಿಕೊಡುವುದು ಅದರ ಕಸುಬು. ಎರಡು ಕಪಾಟಿನಷ್ಟು ದೊಡ್ಡ ಮೇನ್‌ಫ್ರೇಮ್ ಯಂತ್ರ, ಅದರ ಪಕ್ಕದಲ್ಲಿ ಟೇಪು ಓಡಿಸುವ ಯಂತ್ರಗಳು, ಗೋಡೆಯುದ್ದಕ್ಕೂ ಟೇಪುಗಳ ಹಲಗೆಗಳು. ಬೇಸಿಗೆಯಲ್ಲಿ ಇಡೀ ದಾಂಡೇಲಿಯಲ್ಲಿ ತಣ್ಣಗಿರುತ್ತಿದ್ದ ಜಾಗ ಅದೊಂದೇ ಎಂದು ಕಾಣುತ್ತದೆ. ಸಂಬಂಧವಿಲ್ಲದವರೂ ಏನೋ ನೆವ ಮಾಡಿಕೊಂಡು ಒಳಗೆ ಬಂದು ನಿಲ್ಲುತ್ತಿದ್ದರು.

ಟೇಪುಗಳಿಗೆ ಒಂದು ಆಡಳಿತ ವ್ಯವಸ್ಥೆ ಇತ್ತು. ಪ್ರತಿ ಟೇಪಿಗೂ ಒಂದು ನಂಬರು. ಯಾವ ನಂಬರಿನಲ್ಲಿ ಯಾರ ಮಾಹಿತಿ ಇದೆ, ಎಷ್ಟು ಕಾಲ ಇಡಬೇಕು, ಮುಂದಿನ ಭಾಗ ಯಾವ ಟೇಪಿನಲ್ಲಿದೆ, ಎಲ್ಲ ಯಂತ್ರದೊಳಗಿನ ದಾಖಲೆಯಲ್ಲಿ ಇರುತ್ತಿತ್ತು. ಅದು ಬಹಳ ಗತ್ತಿನ ವ್ಯವಸ್ಥೆ. ಟೇಪು ಕೈಯಲ್ಲೇ ಇದ್ದರೂ, ಅದರ ನಂಬರು ದಾಖಲೆಯಲ್ಲಿ ಇರದಿದ್ದರೆ ಯಂತ್ರ ಅದನ್ನು ಓದುವುದೇ ಇಲ್ಲ, ಇಂಥ ಟೇಪು ನಮ್ಮಲ್ಲಿ ಇಲ್ಲ ಎಂದು ಹೊರಗೆ ಹಾಕುತ್ತದೆ.

ಎರಡು ಸಾವಿರ ಇಸವಿ ಬಂದರೆ ಹಳೆಯ ಯಂತ್ರಗಳೆಲ್ಲ ಲೆಕ್ಕ ತಪ್ಪುತ್ತವೆ ಎಂಬ ಗುಲ್ಲು ಎದ್ದಿದ್ದ ಕಾಲ. ನಮ್ಮ ಮೇನ್‌ಫ್ರೇಮನ್ನೂ ಕಳಿಸಿ ಸಣ್ಣ ಯಂತ್ರಗಳನ್ನು ತರುವುದೆಂದು ನಿಶ್ಚಯವಾಯಿತು. ಅದಕ್ಕೆ ಮೊದಲು ಬೇಡವಾದ ಟೇಪುಗಳನ್ನು ದಾಖಲೆಯಿಂದ ತೆಗೆದು, ಬೇಕಾದವನ್ನಷ್ಟೇ ನಕಲು ಮಾಡಿಕೊಳ್ಳಬೇಕಿತ್ತು. ಆ ಕೆಲಸಕ್ಕೆಂದೇ ಹೊಸ ಸಾಹೇಬರು ಬಂದರು. ಮೈಸೂರು ಕಡೆಯವರು, ಚಿಕ್ಕಂದಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವರು, ಒಳ್ಳೆಯ ಮನುಷ್ಯ, ಆದರೆ ಅವಸರ. ತೆಗೆಯುವ ಕೆಲಸ ನನ್ನದಾಯಿತು.

ಆ ಕೆಲಸ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ನಂಬರು ಹೊಡೆಯುವುದು, ಇಡುವ ಅವಧಿ ಮುಗಿದಿದೆಯೇ ನೋಡುವುದು, ತೆಗೆ ಎನ್ನುವುದು. ನಿಜವಾಗಿಯೂ ತೆಗೆಯಲೇ ಎಂದು ಯಂತ್ರ ಇನ್ನೊಮ್ಮೆ ಕೇಳುತ್ತದೆ. ಹೌದು ಮಾರಾಯ, ತೆಗೆ. ಆಮೇಲೆ ಹಲಗೆಯಿಂದ ಟೇಪು ಎಳೆದು ವರಾಂಡದ ಗುಡ್ಡೆಗೆ ಹಾಕುವುದು. ಮುಚ್ಚಿಹೋದ ಕಾರ್ಖಾನೆಗಳ ಟೇಪುಗಳು, ಯಾರೂ ಕೇಳದ ವರದಿಗಳು, ಒಂದೊಂದಾಗಿ ಹೋದವು. ಖಾಲಿಯಾಗುತ್ತಿದ್ದ ಹಲಗೆ ನೋಡಿ ನನಗೆ ಬಹಳ ಖುಷಿಯಾಗುತ್ತಿತ್ತು.

ಒಂದು ಕಡೆ ಮಾತ್ರ ತಡೆಯಾಯಿತು. ಪ್ಲೈವುಡ್ ಕಾರ್ಖಾನೆಯ ಹಳೆಯ ಹಾಜರಿಯ ಮೂರು ಟೇಪುಗಳಿಗೆ ಇಡುವ ಅವಧಿ ಇನ್ನೂ ಮುಗಿದಿರಲಿಲ್ಲ. ಆದರೆ ಷರಾ ಬರೆಯುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ "ಹೆಚ್ಚಿದೆ" ಎಂಬ ಕನ್ನಡ ಪದ ಇತ್ತು. ಅದನ್ನು ಬರೆದವರು ನನಗಿಂತ ಮೊದಲು ಟೇಪು ನೋಡಿಕೊಳ್ಳುತ್ತಿದ್ದ ಬಾಯಾರು; ನೌಕರಿಯ ಹೆಂಗಸರನ್ನು ನಮ್ಮ ಕಡೆ ಮರ್ಯಾದೆಯಿಂದ ಕರೆಯುವುದೇ ಹಾಗೆ. ನಿವೃತ್ತರಾಗಿ ಹಳಿಯಾಳಕ್ಕೆ ಹೋಗಿದ್ದರು.

"ಹೆಚ್ಚಿದೆ ಅಂದ್ರೆ ಹೆಚ್ಚುವರಿ ಕಾಪಿ ತಾನೆ? ಅಸಲಿ ಬೇರೆ ಕಡೆ ಇರುತ್ತೆ. ನಾನು ಅವಧಿ ಬದಲಾಯಿಸಿ ಕೊಡ್ತೀನಿ, ತೆಗೆದುಬಿಡಿ" ಎಂದರು ಸಾಹೇಬರು.

ನನಗೂ ಹಾಗೆಯೇ ಅನಿಸಿತು. ಬಾಯಾರು ಕಚೇರಿಯ ಕೆಲಸವೆಂದು ಪುಸ್ತಕದ ಕನ್ನಡದಲ್ಲಿ ಬರೆದಿದ್ದರು. "ಹೆಚ್ಚೇತಿ" ಎಂದು ಬರೆದಿದ್ದರೆ ಕಿವಿಯಲ್ಲಿ ಅಕ್ಕನ ದನಿ ಕೇಳುತ್ತಿತ್ತೋ ಏನೋ. ಕಂಪ್ಯೂಟರಿನೊಳಗೆ ಅಡುಗೆಮನೆಯ ಮಾತು ಇದ್ದೀತೆಂದು ಯಾರಿಗೆ ತಾನೆ ಹೊಳೆಯುತ್ತದೆ? ಮೂರೂ ಟೇಪು ಗುಡ್ಡೆ ಸೇರಿದವು.

ಮುಂದಿನ ವಾರವೇ ಅಕ್ಕ ಕುಣಿಯುತ್ತ ಮನೆಗೆ ಬಂದಳು. ಅವಳು ಹಾಗೆ ಚಪ್ಪಲಿ ಬಿಡದೆ ಒಳಗೆ ಬಂದದ್ದನ್ನು ನಾನು ಕಂಡೇ ಇರಲಿಲ್ಲ.

"ತಂಗಿ, ಕಾಯಂ ಮಾಡ್ತಾರಂತ! ಹಳೀ ಹಾಜರಿ ಇದ್ದವರನ್ನೆಲ್ಲಾ ಕಾಯಂ ಮಾಡ್ತಾರಂತ. ಮಸ್ಟರ್ ಪುಸ್ತಕಾ ಎಲ್ಲಾ ಒರಲಿ ತಿಂದಾವು, ಆದ್ರ ನಿಮ್ಮ ಕಂಪ್ಯೂಟರಿನ್ಯಾಗ ಐತಂತಲ್ಲ?"

"ಐತಿ, ಇರದ ಎಲ್ಲಿ ಹೋಗ್ತೈತಿ?" ಎಂದೆ ನಾನು, ಬಹಳ ಜೋರಿನಿಂದ.

ಮಾರನೆಯ ದಿನ ಶನಿವಾರ, ಕಾರ್ಖಾನೆಯಿಂದ ಚೀಟಿ ಬಂತು. ಇಂತಿಂಥ ಮೂರು ವರ್ಷಗಳ ಹಾಜರಿ ತೆಗೆದು ಕೊಡಿ ಎಂದು. ನಾನು ಆ ವರ್ಷಗಳನ್ನು ಹುಡುಕಿದೆ. ದಾಖಲೆಯಲ್ಲಿ ಅವುಗಳ ಸುಳಿವೇ ಇರಲಿಲ್ಲ. ತೆಗೆದವುಗಳ ಪಟ್ಟಿ ಮುಂದಿಟ್ಟುಕೊಂಡು ನೋಡಿದೆ. ಹೆಚ್ಚುವರಿ ಎಂದು ತೆಗೆದಿದ್ದ ಆ ಮೂರು ಟೇಪುಗಳೇ ಅವು. ಅಸಲಿ ಎಂಬುದು ಬೇರೆ ಎಲ್ಲೂ ಇರಲಿಲ್ಲ.

ಸಾಹೇಬರಿಗೆ ಹೇಳಿದೆ. ಅವರು ಗಾಬರಿಯಿಂದ ಪಟ್ಟಿಯನ್ನು ತಾವೇ ಇನ್ನೊಮ್ಮೆ ನೋಡಿದರು. ಆದರೆ ಅವರು ಬೇಗ ಸುಧಾರಿಸಿಕೊಂಡರು.

"ಲಭ್ಯ ಇಲ್ಲ ಅಂತ ಬರೆದು ಕಳಿಸೋಣ. ಹಳೇ ಟೇಪು, ಕೆಟ್ಟುಹೋಗಿತ್ತು ಅಂದ್ರೆ ಯಾರೂ ಕೇಳಲ್ಲ. ದಾಖಲೆಯಿಂದ ತೆಗೆದ ಮೇಲೆ ಯಂತ್ರಕ್ಕೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸೋಮವಾರ ಗುಜರಿ ಲಾರಿ ಬೇರೆ ಬರುತ್ತೆ."

ಕೇಳುವವರು ನನ್ನ ಮನೆಯಲ್ಲೇ ಇದ್ದಾರೆ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅಳು ಬರುತ್ತಿತ್ತು, ಅವರ ಮುಂದೆ ಅಳುವ ಮನಸ್ಸು ನನಗಿರಲಿಲ್ಲ. "ಸೋಮವಾರತನಕಾ ಏನೂ ಬರೀಬ್ಯಾಡ್ರಿ" ಎಂದಷ್ಟೇ ಹೇಳಿ ಎದ್ದು ಬಂದೆ.

ಮನೆಯಲ್ಲಿ ಅಕ್ಕ ಸಿಬಿರು ತೆಗೆದುಕೊಳ್ಳುತ್ತ ಕುಳಿತಿದ್ದಳು. ನಾನು ಬಚ್ಚಿಡಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದೆ. ಟೇಪಿನ ಮುಂದೆ ಹೆಚ್ಚಿದೆ ಎಂದಿತ್ತು, ಹಾಗಾಗಿ ತೆಗೆದೆವು, ಈಗ ಯಂತ್ರ ಅದನ್ನು ಗುರುತಿಸುವುದಿಲ್ಲ. ಅಕ್ಕ ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡಳು. ಆಮೇಲೆ ಒಂಥರಾ ನಕ್ಕಳು.

"ಹಂಗಾರ ನನ್ನ ನೌಕರಿನೂ ಹೆಚ್ಚಿತು ಅನ್ನು" ಎಂದಳು.

ಆ ಮಾತಿಗೆ ನನಗೆ ಮೊದಲು ಸಂಕಟವಾಯಿತು. ನನ್ನನ್ನು ಓದಿಸಿದವಳು ನನ್ನ ಮುಂದೆ ಕುಳಿತು ಹಾಗೆ ನಗುವುದನ್ನು ನೋಡುವುದಕ್ಕಿಂತ ನಾಲ್ಕು ಏಟು ತಿನ್ನುವುದು ಮೇಲೆನಿಸಿತು. ಸಂಕಟದ ಬೆನ್ನಿಗೇ ಬೇರೆ ಏನೋ ಹೊಳೆಯಿತು. ಹೆಚ್ಚಿತು. ಬಳೆ ಹೆಚ್ಚಿತು, ತಾಳಿ ಹೆಚ್ಚಿತು. ಬಾಯಾರೂ ಹಳಿಯಾಳದ ಮುತ್ತೈದೆ. ಅವರು ಬರೆದದ್ದು ಹೆಚ್ಚುವರಿ ಎಂದಲ್ಲ. ಟೇಪು ಹರಿದಿದೆ ಎಂದು.

ಹರಿದಿದ್ದರೆ ಇನ್ನೂ ಕಷ್ಟವಲ್ಲವೇ ಎಂದು ಯಾರಾದರೂ ಕೇಳಬಹುದು. ನನಗೂ ಆ ಭಯವಿತ್ತು. ಆದರೆ ಪೂರ್ತಿ ಹಾಳಾದ ಟೇಪನ್ನು ಬಾಯಾರು ಅಷ್ಟು ವರ್ಷ ಜೋಪಾನ ಮಾಡುವವರಲ್ಲ. ಭಾನುವಾರ ಕೇಂದ್ರಕ್ಕೆ ಬೀಗ, ಮುಂಜಾನೆ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಹೊರಟೆ. ಕಬ್ಬಿನ ಹಂಗಾಮು, ಬಸ್ಸು ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ನಾನು ಒಳಗೊಳಗೇ ಎಲ್ಲ ಟ್ರ್ಯಾಕ್ಟರಿನವರನ್ನೂ ಬೈದೆ.

ಬಾಯಾರ ಮನೆ ಪೇಟೆಯಲ್ಲಿ, ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ. ಹಣೆಗೆ ವಿಭೂತಿ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದರು. ನಾನು ನೀರನ್ನೂ ಕುಡಿಯದೆ ಕೇಳಿದೆ.

"ಬಾಯಾರ, ಆ ಹಾಜರಿ ಟೇಪಿನ ಮುಂದ ಹೆಚ್ಚಿದೆ ಅಂತ ಬರದೀರಲ್ಲ, ಹಂಗಂದ್ರ ಏನ್ರೀ?"

"ಏನಂದ್ರ? ಹೆಚ್ಚ್ಯಾವ. ನಿಮ್ಮ ಮನ್ಯಾಗ ಬಳಿ ಹೆಚ್ಚಂಗಿಲ್ಲೇನು?"

"ಹರದಾವು ಅಂತ ನೆಟ್ಟಗ ಬರದಿದ್ರ ಏನಾಗ್ತಿತ್ರೀ?" ನನ್ನ ದನಿ ಏರಿತ್ತು.

ಬಾಯಾರು ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದರು. "ಅಷ್ಟು ಹೆಣ್ಮಕ್ಕಳ ದುಡಿಮಿ ಅದರೊಳಗ ಐತಿ. ಅದರ ಮುಂದ ಹರೀತು ಅಂತ ನನ್ನ ಕೈಲೆ ಬರೀಲೇನು? ಛಲೋ ಹೇಳ್ತಿ!"

ನಾವು ಅವನ್ನು ದಾಖಲೆಯಿಂದ ತೆಗೆದುಬಿಟ್ಟೆವು, ನಾಳೆ ಗುಜರಿ ಲಾರಿ ಬರುತ್ತದೆ ಎಂದಾಗ "ಅಯ್ಯ ಶಿವನ!" ಎಂದು ಅಲ್ಲೇ ಕುಸಿದು ಕುಳಿತರು. ಹಣೆಯ ಮೇಲೆ ಹಿಟ್ಟು ಹತ್ತಿತು. ಆದರೆ ಕುಸಿದಲ್ಲಿಯೇ ಉಳಿಯುವವರಲ್ಲ ಅವರು.

"ಕೇಳಿಲ್ಲೆ. ಹೆಚ್ಚಿದ್ದು ಮುಂದಿನ ತುದಿ ಅಷ್ಟ. ಇಲ್ಲಿಂದ ಓದು ಅಂತ ಯಂತ್ರಕ್ಕ ತೋರಸಾಕ ಸುರುವಿಗೆ ಬೆಳ್ಳಿ ಪಟ್ಟಿ ಹಚ್ಚಿರ್ತಾರಲ್ಲ, ಹಾಜರಿ ಎಲ್ಲಾ ಅದರ ಹಿಂದ ಐತಿ. ಅದಕ್ಕೇನೂ ಆಗಿಲ್ಲ. ಯಂತ್ರಕ್ಕ ಸಿಗಸಾಕ ತುದಿ ಸಾಲೂದಿಲ್ಲ. ಬ್ಯಾರೆ ಟೇಪಿನ ತುದಿ ಕತ್ತರಿಸಿ ಕೂಡಿಸಬೇಕು. ಅಂಟುಪಟ್ಟಿ ಬರಲಿ ಅಂತ ಹಾದಿ ಕಾದೆ, ಅದು ಬಂದಾಗ ನನ್ನ ನಿವೃತ್ತಿನೂ ಬಂತು. ಪಟ್ಟಿ ಮೇಜಿನ ಖಾನೆದಾಗ ಐತಿ ನೋಡು."

ಬಿಸಿ ರೊಟ್ಟಿ, ಪುಂಡಿಪಲ್ಲೆ ತಿನ್ನದೆ ಏಳಲು ಬಿಡಲಿಲ್ಲ. ಬಾಗಿಲ ತನಕ ಬಂದು "ಲಾರಿಕಿಂತ ಮೊದಲ ಹೋಗಿ ಕುಂದ್ರು. ಎದ್ದಗಿದ್ದೀ ಮತ್ತ!" ಎಂದರು.

ಸೋಮವಾರ ಲಾರಿಗಿಂತ ಮೊದಲೇ ಹೋದೆ. ಆದರೆ ಟೇಪಿನ ಗುಡ್ಡೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು, ಎಲ್ಲ ನನ್ನ ಕೈಯ ಪ್ರತಾಪವೇ. ನಾನು ಹುಡುಕುತ್ತಿರುವಾಗಲೇ ಗುಜರಿಯವರು ಬಂದು ಇನ್ನೊಂದು ಬದಿಯಿಂದ ತುಂಬತೊಡಗಿದರು. ನಿಲ್ಲಿಸಿರೆಂದರೆ ಕೇಳಲಿಲ್ಲ. ಸರಿ, ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡ್ಡೆಯ ಮೇಲೆ ಹತ್ತಿ ಕುಳಿತೆ.

"ಏಳ್ರಿ ಬಾಯಾರ, ನಮ್ಮ ಕೆಲಸ ಕೆಡ್ತೈತಿ" ಎಂದ ಲಾರಿಯವನು.

"ನನ್ನೂ ತುಂಬಕೊಂಡ ಹೋಗು. ಗುಜರಿಗೆ ನಡೀತೇನಿ" ಎಂದೆ.

ಅಷ್ಟರಲ್ಲಿ ಸಾಹೇಬರು ಬಂದರು. ಗುಡ್ಡೆಯ ಮೇಲಿದ್ದ ನನ್ನನ್ನು ನೋಡಿ ನಿಂತುಬಿಟ್ಟರು. ನಾನು ಕುಳಿತಲ್ಲಿಂದಲೇ ಹೆಚ್ಚಿದೆ ಎಂಬುದರ ಅರ್ಥ ಹೇಳಿದೆ. ನಮ್ಮ ಅಕ್ಕನೂ ಅದೇ ಟೇಪಿನಲ್ಲಿದ್ದಾಳೆ ಎಂದೂ ಹೇಳಿಬಿಟ್ಟೆ. ಈ ಸಲ ಅಳು ಬರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮಜ್ಜಿ ದೀಪ ದೊಡ್ಡದು ಮಾಡು ಅನ್ನೋರು. ರಜೆಗೆ ಹೋದಾಗ ನಾನು ಬತ್ತಿ ಏರಿಸಿ ಬೈಸ್ಕೊಂಡಿದ್ದೆ" ಎಂದು ಮೆಲ್ಲಗೆ ಅಂದರು. ಆಮೇಲೆ ಲಾರಿಯವನತ್ತ ತಿರುಗಿ, "ನೀವು ಊಟ ಮುಗಿಸಿಕೊಂಡು ಬನ್ನಿ" ಎಂದರು. ಅವನು ಇನ್ನೂ ಮುಂಜಾನೆಯ ಚಹಾ ಕೂಡ ಕುಡಿದಿರಲಿಲ್ಲ.

ಇಬ್ಬರೂ ಸೇರಿ ಹುಡುಕಿದೆವು. ಮೂರೂ ಸಿಕ್ಕವು, ಒಂದು ಆಗಲೇ ಲಾರಿಯೊಳಗೆ ಹೋಗಿತ್ತು. ಮುಚ್ಚಳ ತೆರೆದರೆ ಬಾಯಾರು ಹೇಳಿದಂತೆಯೇ ತುದಿಗಳು ಮೊಂಡಾಗಿದ್ದವು. ಗುಡ್ಡೆಯಿಂದ ಬೇರೆ ಟೇಪು ತಂದು ತುದಿ ಕತ್ತರಿಸಿದೆ. ಖಾನೆಯಲ್ಲಿ ಅಂಟುಪಟ್ಟಿ ಇತ್ತು. ದಾಖಲೆಯಲ್ಲಿ ಇಲ್ಲದ ಟೇಪನ್ನು ಯಂತ್ರ ಒಪ್ಪುವಂತೆ ಮಾಡುವ ಉಪಾಯ ಸಾಹೇಬರು ಹೇಳಿದರು: ಇದು ನಮ್ಮ ಟೇಪಲ್ಲ, ಹೊರಗಿನವರು ತಂದದ್ದು, ಒಮ್ಮೆ ಓದಿ ವಾಪಸು ಕೊಡುತ್ತೇವೆ ಎಂದು ಯಂತ್ರಕ್ಕೆ ತಿಳಿಸುವುದು. ಅಷ್ಟು ವರ್ಷ ಅದೇ ಕೋಣೆಯಲ್ಲಿ ಇದ್ದ ಟೇಪುಗಳು ಬೀಗರಂತೆ ಒಳಗೆ ಬಂದವು.

ಮೊದಲನೆಯದನ್ನು ಯಂತ್ರ ಓದಿತು. ಎರಡನೆಯದನ್ನೂ ಓದಿತು. ಮೂರನೆಯದನ್ನು ಯಂತ್ರ ಒಂದು ಸುತ್ತು ಎಳೆದುಕೊಂಡು ಹೊರಗೆ ಹಾಕಿತು. ಮತ್ತೆ ಹಾಕಿದರೆ ಮತ್ತೆ ಅದೇ ಗತಿ. ನಾನು ಕೂಡಿಸಿದ್ದು ಒಂದರ ಮೇಲೊಂದು ಏರಿ ದಪ್ಪವಾಗಿತ್ತು. ಬಿಚ್ಚಬೇಕೆಂದರೆ ಆ ಜಾಗವನ್ನು ಕತ್ತರಿಸಲೇಬೇಕು. ಆ ಟೇಪಿನಲ್ಲಿ ಬೆಳ್ಳಿ ಪಟ್ಟಿಗೆ ಮೊದಲು ಇದ್ದದ್ದೇ ಗೇಣಿನಷ್ಟು ಜಾಗ. ಒಂದು ಸಲ ಕತ್ತರಿಸಿ ಕೂಡಿಸಿದೆ, ಸೊಟ್ಟಗಾಯಿತು. ಇನ್ನು ಉಳಿದದ್ದು ಒಂದೇ ಸಲಕ್ಕೆ ಸಾಲುವಷ್ಟು.

"ಎರಡು ಬಂತಲ್ಲ, ಸಾಕು ಬಿಡಿ" ಎಂದರು ಸಾಹೇಬರು.

"ಸಾಕಾಗಂಗಿಲ್ರಿ. ಮೂರೂ ವರ್ಷ ಬೇಕು. ಒಂದು ವರ್ಷ ಕಡಿಮಿ ಬಿದ್ರ ಕಾಯಂ ಇಲ್ಲ."

ಕೈ ತೊಳೆದು ಒರೆಸಿಕೊಂಡೆ. ಎರಡು ಕಿರಿಯ ಹಲಗೆ ಕೂಡಿಸುವ ಬಗ್ಗೆ ಅಕ್ಕ ಊಟದ ಹೊತ್ತಿಗೆ ಎಷ್ಟೋ ಸಲ ಹೇಳಿದ್ದಳು, ನಾನು ಅರ್ಧಂಬರ್ಧ ಕೇಳಿದ್ದೆ. ಅಂಚಿಗೆ ಅಂಚು ಮುಟ್ಟಬೇಕು, ಏರಬಾರದು, ಪಟ್ಟಿಯನ್ನು ನಡುವಿನಿಂದ ಹೊರಗೆ ಒತ್ತಬೇಕು. ಉಸಿರು ಹಿಡಿದು ಹಾಗೆಯೇ ಮಾಡಿದೆ. ಟೇಪು ಯಂತ್ರಕ್ಕೆ ಹಾಕಿದೆ. ಅದು ಎಳೆದುಕೊಂಡಿತು, ನಿಂತಿತು, ಬೆಳ್ಳಿ ಪಟ್ಟಿ ಹುಡುಕಿತು. ಸುರುಳಿ ತಿರುಗತೊಡಗಿತು. ಸಾಹೇಬರು "ಬಂತು, ಬಂತು" ಎಂದು ಕೂಗಿದರು. ನಾನು ಛಾಪಿಸುವ ಯಂತ್ರಕ್ಕೆ ಕಾಗದ ಹಾಕಲು ಓಡಿದೆ.

ಹಾಜರಿ ಛಾಪಿಸಿ ಕಾರ್ಖಾನೆಗೆ ಕಳಿಸಿದೆವು. ಅದರಲ್ಲಿ ಅಕ್ಕನ ಹೆಸರೂ ಇತ್ತು, ಅವಳ ಜೊತೆಗಾರ್ತಿಯರ ಹೆಸರುಗಳೂ ಇದ್ದವು. ಮಳೆಗಾಲಕ್ಕೆ ಮೊದಲು ಕಾಯಂ ಆದ ಕಾಗದ ಅವರೆಲ್ಲರ ಕೈಗೆ ಬಂತು. ಮೇನ್‌ಫ್ರೇಮು ಅಷ್ಟರಲ್ಲಿ ಹೋಗಿತ್ತು. ಯಾವ ದಾಖಲೆಯಲ್ಲೂ ಇಲ್ಲದ ಆ ಮೂರು ಟೇಪುಗಳು ಯಾರಿಗೂ ಬೇಕಿರಲಿಲ್ಲ. ಸಾಹೇಬರನ್ನು ಕೇಳಿ ಮೂರನೆಯದನ್ನು ಮನೆಗೆ ತಂದೆ.

ಅಕ್ಕ ಅವತ್ತು ಹೊಸ ಹಸಿರು ಬಳೆ ತೊಟ್ಟುಕೊಂಡು ಬಂದಿದ್ದಳು. ಟೇಪನ್ನು ತೊಡೆಯ ಮೇಲಿಟ್ಟುಕೊಂಡು, ತುದಿ ಎಳೆದು, ನಾನು ಕೂಡಿಸಿದ ಜಾಗವನ್ನು ಸಿಬಿರಿನ ಗಾಯದ ಬೆರಳಿನಿಂದ ಸವರಿ ನೋಡಿದಳು. ಕಾಯಂ ಆದ ಧೈರ್ಯವೋ ಏನೋ, ಜನ್ಮದಲ್ಲಿ ಆಡದ ಮಾತು ಅವಳ ಬಾಯಲ್ಲಿ ಸಲೀಸಾಗಿ ಬಂತು.

"ಇಲ್ಲೇ ಏನು ಹರದಿದ್ದು?"

"ಅಕ್ಕಾ!" ನಾನು ಗಾಬರಿಯಿಂದ ಅವಳ ಕೈ ಹಿಡಿದೆ. "ಹಂಗ ಅನಬ್ಯಾಡ. ಹೆಚ್ಚಿತ್ತು ಅನ್ನು."

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳು ನಕ್ಕದ್ದಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ಏನಾಯಿತೆಂದು ಕೇಳಿದರು.